ಕಂಡಕ್ಟರ್ ಇಲ್ಲದ ಆರ್ಕೆಸ್ಟ್ರಾ ನಿಜಕ್ಕೂ ನಡೆಯುತ್ತಾ? ನಮ್ಮ ತುಮಕೂರಿನ ತಂಡದಲ್ಲಿ ಜಗಳ ಶುರುವಾಗಿದೆ

ಶೆಟ್ಟಿಹಳ್ಳಿ ಪಿಟೀಲು
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮದೊಂದು ಸಣ್ಣ ವಾದ್ಯತಂಡ ಇದೆ. ಪಿಟೀಲೇ ಜಾಸ್ತಿ. ಜೊತೆಗೆ ಎರಡು ಕೊಳಲು, ಒಂದು ವೀಣೆ, ಮೃದಂಗ, ಕೀಬೋರ್ಡ್. ಎಲ್ಲ ಸೇರಿ ಹದಿಮೂರು ಹದಿನಾಲ್ಕು ಜನ. ಬ್ಯಾಂಕಿನವರಿದ್ದಾರೆ, ಇಂಜಿನಿಯರಿಂಗ್ ಹುಡುಗರಿದ್ದಾರೆ, ನಿವೃತ್ತರಾದ ಇಬ್ಬರು ಹಿರಿಯರಿದ್ದಾರೆ. ರಾಜ್ಯೋತ್ಸವಕ್ಕೆ ನಾಡಗೀತೆ, ಆದಿತಾಳದ ಒಂದು ವರ್ಣ, ಎರಡು ದೇವರನಾಮ ನುಡಿಸುವುದು ಅಂತ ಮಾತಾಗಿದೆ.

ಇಷ್ಟು ದಿನ ನಮ್ಮ ಗುರುಗಳು ಎದುರಿಗೆ ಕೂತು ತಾಳ ಹಾಕುತ್ತಿದ್ದರು. ಅವರೀಗ ಮಗಳ ಮನೆಗೆ ಅಂತ ಮೈಸೂರಿಗೆ ಹೋದರು. ಆ ಜಾಗದಲ್ಲಿ ಯಾರು ಕೂರಬೇಕು ಅನ್ನುವುದೇ ಈಗ ದೊಡ್ಡ ರಗಳೆ. ಹಿರಿಯರಿಬ್ಬರಿಗೂ ಆಸೆ ಇದೆ. ಒಬ್ಬರು ಕೂತರೆ ಇನ್ನೊಬ್ಬರು ಮುಖ ಊದಿಸಿಕೊಳ್ಳುತ್ತಾರೆ. ಈ ನಡುವೆ ಒಬ್ಬ ಹುಡುಗ ನ್ಯೂಯಾರ್ಕಿನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾದ ವಿಡಿಯೊ ತೋರಿಸಿದ. ಮೂವತ್ತು ಜನ ಕೂತಿದ್ದಾರೆ, ಎದುರಿಗೆ ನಿಂತು ಕೋಲು ಆಡಿಸಿ ಎಲ್ಲರನ್ನೂ ನಡೆಸುವ ಕಂಡಕ್ಟರ್ ಇಲ್ಲ. ಒಟ್ಟಿಗೆ ಶುರು ಮಾಡುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ. "ನಾವೂ ಹೀಗೇ ಮಾಡೋಣ, ಯಾರೂ ಎದುರಿಗೆ ಕೂರೋದೇ ಬೇಡ" ಅನ್ನುತ್ತಿದ್ದಾನೆ.

ಇದು ನಿಜವಾ, ಇಲ್ಲ ಮರೆಯಲ್ಲಿ ಯಾರಾದರೂ ಸನ್ನೆ ಮಾಡುತ್ತಿರುತ್ತಾರಾ? ಅವರು ಅಭ್ಯಾಸ ಹೇಗೆ ಮಾಡುತ್ತಾರೆ? ನಮ್ಮಂಥ ಹವ್ಯಾಸಿಗಳ ಕೈಲಿ ಆಗುವ ಕೆಲಸವಾ? ಗೊತ್ತಿರುವವರು ಹೇಳಿ.

ತಿಪಟೂರು ಕೊಬ್ಬರಿ
ಕೀಬೋರ್ಡಿನವರಿಗೆ ಒಂದು ರಿದಂ ಹಾಕೋಕೆ ಹೇಳಿ. ಜಗಳ ಮುಗೀತು.

ಕೊರಟಗೆರೆ ಮೃದಂಗ
ಕೀಬೋರ್ಡ್ ರಿದಂ ಹಾಕಿದರೆ ಮೃದಂಗದವನು ಎದ್ದು ಹೋಗುತ್ತಾನೆ. ಆಮೇಲೆ ಇನ್ನೊಂದು ಜಗಳ.

ಅಲ್ಲ ಸ್ವಾಮಿ, ಇದರಲ್ಲಿ ಬೆರಗಾಗುವಂಥದ್ದು ಏನಿದೆ? ನಮ್ಮ ಕಚೇರಿಗಳಲ್ಲಿ ಕೋಲು ಹಿಡಿದು ನಿಂತವರನ್ನು ಯಾವತ್ತಾದರೂ ನೋಡಿದ್ದೀರಾ? ಹಾಡುವವರು, ಪಿಟೀಲು, ಮೃದಂಗ, ಘಟ. ಎಲ್ಲರ ಮನಸ್ಸಿನಲ್ಲೂ ತಾಳ ಇರುತ್ತದೆ. ಮೂರು ಗಂಟೆ ಕಚೇರಿ ನಡೆಯುತ್ತದೆ. ಅಮೆರಿಕದವರು ಮಾಡಿದರೆ ಮಾತ್ರ ನಮಗೆ ದೊಡ್ಡದಾಗಿ ಕಾಣುತ್ತದೆ.

ಚೆಲ್ಲೋ ಹುಡುಗಿ
ನಾನು ತುಮಕೂರಿನವಳೇ. ಈಗ ಬೆಂಗಳೂರಿನಲ್ಲಿ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ಕಲಿಯುತ್ತಿದ್ದೇನೆ. ಆರ್ಫಿಯಸ್ ಬಗ್ಗೆ ಹುಚ್ಚು ಇರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಮೊದಲನೇ ಪ್ರಶ್ನೆಗೆ ಉತ್ತರ: ನಿಜ. ಮರೆಯಲ್ಲಿ ಯಾರೂ ಇಲ್ಲ. 1972ರಲ್ಲಿ ಜೂಲಿಯನ್ ಫೈಫರ್ ಎಂಬ ಚೆಲ್ಲೋ ವಾದಕ ಮತ್ತು ಅವರ ಗೆಳೆಯರು ನ್ಯೂಯಾರ್ಕಿನಲ್ಲಿ ಇದನ್ನು ಶುರು ಮಾಡಿದರು. ನಾಲ್ಕು ಜನ ಸೇರಿ ಸ್ಟ್ರಿಂಗ್ ಕ್ವಾರ್ಟೆಟ್ ನುಡಿಸುವಾಗ ಎಲ್ಲರ ಮಾತಿಗೂ ಬೆಲೆ ಇರುತ್ತದಲ್ಲ, ಅದನ್ನೇ ಮೂವತ್ತು ಮೂವತ್ತೈದು ಜನರಿದ್ದಾಗಲೂ ಉಳಿಸಿಕೊಳ್ಳಬೇಕು ಅನ್ನುವುದು ಅವರ ಆಸೆ. ಕಾರ್ನೆಗಿ ಹಾಲ್‌ನಲ್ಲಿ ವರ್ಷ ವರ್ಷ ನುಡಿಸಿದ್ದಾರೆ. ಡಾಯ್ಚ ಗ್ರಾಮೊಫೋನ್ ಕಂಪನಿಗೆ ಹತ್ತಾರು ರೆಕಾರ್ಡಿಂಗ್ ಮಾಡಿದ್ದಾರೆ. ಸ್ಟ್ರಾವಿನ್ಸ್ಕಿಯ ಸಣ್ಣ ಕೃತಿಗಳ ಆಲ್ಬಮ್‌ಗೆ 2001ರಲ್ಲಿ ಗ್ರ್ಯಾಮಿ ಬಂತು.

ಈಗ ಕೆಲಸದ ಕ್ರಮ. ಮೊದಮೊದಲು ಎಲ್ಲರೂ ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದರು. ಒಂದೊಂದು ಸಾಲಿಗೂ ಮೂವತ್ತು ಅಭಿಪ್ರಾಯ. ಅಭ್ಯಾಸ ಮುಗಿಯುತ್ತಲೇ ಇರಲಿಲ್ಲ. ಆಮೇಲೆ ಒಂದು ದಾರಿ ಹುಡುಕಿಕೊಂಡರು. ಪ್ರತಿ ಕೃತಿಗೂ ಒಂದು ಒಳಗುಂಪು, ಅಂದರೆ ಐದರಿಂದ ಹತ್ತು ಜನ. ಪಿಟೀಲು, ವಯೋಲಾ, ಚೆಲ್ಲೋ, ಊದುವ ವಾದ್ಯ, ಹೀಗೆ ಎಲ್ಲ ಕಡೆಯಿಂದಲೂ ಒಬ್ಬೊಬ್ಬರು. ಇವರು ಮೊದಲು ಕೂತು ಪೂರ್ತಿ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸಾಲೂ ಒಟ್ಟಿಗೆ ಬರೆದಿರುವ ಪುಸ್ತಕ, ಓದುತ್ತಾರೆ. ಯಾವ ವೇಗ, ಎಲ್ಲಿ ಏರಬೇಕು, ಎಲ್ಲಿ ತಗ್ಗಬೇಕು, ಯಾವ ಸಾಲು ಮೇಲೆ ಕೇಳಿಸಬೇಕು, ಬೋ (ಪಿಟೀಲಿನ ಕಮಾನು) ಮೇಲಕ್ಕೋ ಕೆಳಕ್ಕೋ, ಎಲ್ಲ ಅಲ್ಲೇ ಜಗಳ ಆಡಿ ಮುಗಿಸಿಕೊಳ್ಳುತ್ತಾರೆ. ಆಮೇಲೆ ಉಳಿದವರು ಬಂದು ಸೇರುತ್ತಾರೆ. ಆಗಲೂ ಯಾರು ಬೇಕಾದರೂ ಕೈ ಎತ್ತಿ "ಇಲ್ಲಿ ನನಗೆ ಓಬೋ ವಾದ್ಯ ಕೇಳಿಸುತ್ತಿಲ್ಲ" ಅನ್ನಬಹುದು. ಕೊನೆ ಕೊನೆಯ ಅಭ್ಯಾಸಗಳಲ್ಲಿ ಒಬ್ಬಿಬ್ಬರು ವಾದ್ಯ ಕೆಳಗಿಟ್ಟು ಸಭಾಂಗಣಕ್ಕೆ ಇಳಿದು, ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ. ವೇದಿಕೆ ಮೇಲೆ ಕೂತವರಿಗೆ ತಮ್ಮ ಪಕ್ಕದ ವಾದ್ಯವೇ ಜೋರಾಗಿ ಕೇಳುತ್ತದೆ, ಒಟ್ಟು ಸಮತೋಲ ಗೊತ್ತಾಗುವುದಿಲ್ಲ. ಅದಕ್ಕೆ ಈ ಉಪಾಯ.

ನನಗೆ ತುಂಬ ಇಷ್ಟವಾದದ್ದು ಏನೆಂದರೆ, ಈ ಒಳಗುಂಪು ಕೃತಿಯಿಂದ ಕೃತಿಗೆ ಬದಲಾಗುತ್ತದೆ. ಮೊದಲ ಪಿಟೀಲಿನ ಮೊದಲ ಕುರ್ಚಿಯೂ ಬದಲಾಗುತ್ತದೆ. ಒಂದೇ ಸಂಜೆಯಲ್ಲಿ ಮೊದಲ ಕೃತಿಗೆ ಮುಂದೆ ಕೂತವರು ಎರಡನೆಯದಕ್ಕೆ ಹಿಂದೆ ಹೋಗಿ ಕೂರುತ್ತಾರೆ.

ತಿಪಟೂರು ಕೊಬ್ಬರಿ
ಸರಿ ಮೇಡಂ, ಆದರೆ ಮುಂದೆ ಕೂತವರೇ ತಲೆ ಅಲ್ಲಾಡಿಸಿ ಶುರು ಮಾಡಿಸುತ್ತಾರೆ ತಾನೇ? ಅಲ್ಲಿಗೆ ಅವರೇ ಕಂಡಕ್ಟರ್ ಆದರು. ಕೋಲು ಇಲ್ಲ ಅಷ್ಟೇ.

ಚೆಲ್ಲೋ ಹುಡುಗಿ
ಶುರು ಮಾಡಿಸುವುದು ಬೇರೆ, ಹೇಗೆ ನುಡಿಸಬೇಕು ಅಂತ ತೀರ್ಮಾನ ಮಾಡುವುದು ಬೇರೆ ಸಾರ್. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಸ್ಕೋರ್ ಪೂರ್ತಿ ಇರುವುದು ಕಂಡಕ್ಟರ್ ಮುಂದೆ ಮಾತ್ರ. ಉಳಿದವರ ಸ್ಟ್ಯಾಂಡ್ ಮೇಲೆ ಅವರವರ ಸಾಲು ಅಷ್ಟೇ. ಕ್ಲಾರಿನೆಟ್‌ನವನಿಗೆ ಚೆಲ್ಲೋ ಏನು ನುಡಿಸುತ್ತಿದೆ ಅಂತ ನೋಡುವ ಅವಕಾಶವೇ ಇಲ್ಲ. ಆರ್ಫಿಯಸ್‌ನಲ್ಲಿ ಹಾಗೆ ನಡೆಯುವುದಿಲ್ಲ. ಇನ್ನೊಬ್ಬರ ಸಾಲೂ ಕಿವಿಯಲ್ಲಿ ಇರಲೇಬೇಕು. ಸನ್ನೆಯೂ ಒಬ್ಬರದ್ದೇ ಅಲ್ಲ. ಒಂದು ಕಡೆ ಬ್ಯಾಸೂನ್‌ನವರು ಉಸಿರು ತೆಗೆದುಕೊಳ್ಳುವುದನ್ನು ನೋಡಿ ಎಲ್ಲರೂ ಹೊರಡುತ್ತಾರೆ, ಇನ್ನೊಂದು ಕಡೆ ಡಬಲ್ ಬೇಸ್ ಬೋ ಎತ್ತಿದ್ದು ನೋಡಿ.

ನೀವು ಹೇಳುವಂಥ ತಂಡಗಳೂ ಇವೆ, ಅದನ್ನು ಒಪ್ಪುತ್ತೇನೆ. ಆಸ್ಟ್ರೇಲಿಯನ್ ಚೇಂಬರ್ ಆರ್ಕೆಸ್ಟ್ರಾದಲ್ಲಿ ರಿಚರ್ಡ್ ಟೊಗ್ನೆಟ್ಟಿ ಪಿಟೀಲು ನುಡಿಸುತ್ತಲೇ ಎಲ್ಲರನ್ನೂ ನಡೆಸುತ್ತಾರೆ. ಕಂಡಕ್ಟರ್ ಇಲ್ಲ, ಆದರೆ ಯಜಮಾನರು ಇದ್ದಾರೆ. ಲಂಡನ್ನಿನ ಅಕಾಡೆಮಿ ಆಫ್ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಕೂಡ ಶುರುವಿನಲ್ಲಿ ಹೀಗೇ. ನೆವಿಲ್ ಮ್ಯಾರಿನರ್ ಪಿಟೀಲು ಹಿಡಿದೇ ನಡೆಸುತ್ತಿದ್ದರು, ಆಮೇಲೆ ಕೋಲು ಹಿಡಿದರು.

ಮಧುಗಿರಿ ಮೇಷ್ಟ್ರು
1972ರಿಂದ ಕತೆ ಶುರು ಮಾಡಿದರೆ ಅರ್ಧ ಕತೆ ಬಿಟ್ಟುಹೋಗುತ್ತದೆ. ಅದಕ್ಕೆ ಐವತ್ತು ವರ್ಷ ಮೊದಲೇ, 1922ರಲ್ಲಿ, ಮಾಸ್ಕೋದಲ್ಲಿ ಪೆರ್ಸಿಮ್‌ಫಾನ್ಸ್ ಅಂತ ಒಂದು ಆರ್ಕೆಸ್ಟ್ರಾ ಇತ್ತು. ಕಟ್ಟಿದವರು ಲೆವ್ ತ್ಸೈತ್ಲಿನ್ ಎಂಬ ಪಿಟೀಲುಗಾರ. ಕ್ರಾಂತಿ ಆಗಿ ಐದು ವರ್ಷ ಆಗಿತ್ತು ಅಷ್ಟೇ. ಕಾರ್ಖಾನೆಯಲ್ಲಿ ಯಜಮಾನ ಬೇಡ ಅಂದಮೇಲೆ ಆರ್ಕೆಸ್ಟ್ರಾದಲ್ಲಿ ಯಾಕೆ ಬೇಕು ಅನ್ನುವ ವಾದ. ಇದು ಸಣ್ಣ ತಂಡವೂ ಅಲ್ಲ, ಪೂರ್ತಿ ಸಿಂಫನಿ. ಬೊಲ್ಶೊಯ್ ಥಿಯೇಟರಿನ ಒಳ್ಳೊಳ್ಳೆ ವಾದಕರು ಅದರಲ್ಲಿದ್ದರು. ಎಲ್ಲರಿಗೂ ಎಲ್ಲರ ಮುಖ ಕಾಣಬೇಕು ಅಂತ ದುಂಡಗೆ ಕೂರುತ್ತಿದ್ದರು, ಕೆಲವರ ಬೆನ್ನು ಜನರ ಕಡೆಗೇ ಇರುತ್ತಿತ್ತು. ಕಾರ್ಖಾನೆಗಳಿಗೆ ಹೋಗಿ ಕಾರ್ಮಿಕರ ಮುಂದೆ ನುಡಿಸುತ್ತಿದ್ದರು.

1927ರಲ್ಲಿ ಪ್ರೊಕೊಫೀವ್ ಹೊರದೇಶದಿಂದ ಬಂದಾಗ ಇವರ ಜೊತೆ ಪಿಯಾನೊ ನುಡಿಸಿದ. ಆದರೆ ಫ್ರಾನ್ಸಿನ ಸಂಗೀತಗಾರ ಮಿಯೋ ಇವರನ್ನು ಕೇಳಿ, ಚೆನ್ನಾಗೇ ಇದೆ, ಕಂಡಕ್ಟರ್ ಇದ್ದಿದ್ದರೆ ಇಷ್ಟೇ ಫಲ ಇನ್ನೂ ಬೇಗ ಸಿಗುತ್ತಿತ್ತು ಅನ್ನುವ ಅರ್ಥದಲ್ಲಿ ಹೇಳಿದ್ದ. ಆ ಮಾತಿನಲ್ಲಿ ನಿಜ ಇದೆ. ಅಭ್ಯಾಸಕ್ಕೆ ವಿಪರೀತ ಸಮಯ ಹಿಡಿಯುತ್ತಿತ್ತು. 1932ರಲ್ಲಿ ಮುಚ್ಚಿಹೋಯಿತು. ಒಳಜಗಳವೂ ಇತ್ತು, ಸ್ಟಾಲಿನ್ ಕಾಲದ ಗಾಳಿಯೂ ಬದಲಾಗಿತ್ತು.

ಪಾವಗಡ ಬಿಸಿಲು
ಯಜಮಾನ ಬೇಡ ಅಂತ ಕಟ್ಟಿದ ದೇಶದಲ್ಲಿ ಕೊನೆಗೆ ಯಜಮಾನನೇ ಆರ್ಕೆಸ್ಟ್ರಾ ಮುಚ್ಚಿಸಿದ. ಚೆನ್ನಾಗಿದೆ.

ಮಧುಗಿರಿ ಮೇಷ್ಟ್ರು
ಸ್ಟಾಲಿನ್ ಬಂದು ಬೀಗ ಹಾಕಿದ ಅಂತ ನಾನು ಹೇಳಲಿಲ್ಲಪ್ಪ. ಎರಡೂ ಕಾರಣ ಸೇರಿತು ಅಂದೆ.

ಸಿರಾ ಸಾಫ್ಟ್‌ವೇರ್
ನನಗೆ ಸಂಗೀತ ಗೊತ್ತಿಲ್ಲ. ಆದರೆ ಆರ್ಫಿಯಸ್ ಹೆಸರು ಆಫೀಸಿನಲ್ಲಿ ಕೇಳಿದ್ದೇನೆ. ನಮಗೆ ಒಂದು ಟ್ರೈನಿಂಗ್ ಕೊಟ್ಟರು, ಇವರ ವಿಡಿಯೊ ಹಾಕಿ, "ಇವತ್ತಿನಿಂದ ನಿಮ್ಮ ಟೀಮಿಗೆ ಮ್ಯಾನೇಜರ್ ಇಲ್ಲ, ನೀವೇ ನಡೆಸಿಕೊಳ್ಳಿ" ಅಂದರು. ಆಮೇಲೆ ಏನಾಯ್ತು ಗೊತ್ತಾ? ತೀರ್ಮಾನ ನಮ್ಮದು, ಡೆಡ್‌ಲೈನ್ ಮಾತ್ರ ಮೇಲಿನವರದ್ದು. ಕೆಲಸ ಕೆಟ್ಟರೆ ಎಲ್ಲರೂ ಜವಾಬ್ದಾರಿ, ಒಳ್ಳೆಯದಾದರೆ ಮೇಲಿನವರ ಹೆಸರು. ಹಾಗಾಗಿ ಯಾರಾದರೂ ಲೀಡರ್ ಇಲ್ಲ ಅಂದರೆ ನನಗೆ ಹೊಟ್ಟೆ ತೊಳಸುತ್ತದೆ.

ಚೆಲ್ಲೋ ಹುಡುಗಿ
ನಿಮ್ಮ ಆಫೀಸಿನವರು ವಿಡಿಯೊ ನೋಡಿದ್ದಾರೆ, ಕೆಲಸದ ಕ್ರಮ ನೋಡಿಲ್ಲ. ಆರ್ಫಿಯಸ್‌ನಲ್ಲಿ ಯಾವ ಕೃತಿ ನುಡಿಸಬೇಕು, ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದರಲ್ಲೂ ವಾದಕರ ಮಾತು ನಡೆಯುತ್ತದೆ. ಕಲಾ ನಿರ್ದೇಶಕರನ್ನು ತಮ್ಮೊಳಗಿಂದಲೇ ಆರಿಸುತ್ತಾರೆ.

ಇದನ್ನು ಅಧ್ಯಯನ ಮಾಡಿದವರಲ್ಲಿ ಹಾರ್ವರ್ಡಿನ ರಿಚರ್ಡ್ ಹ್ಯಾಕ್‌ಮನ್ ಮುಖ್ಯರು. ಅವರೂ ಅವರ ಜೊತೆಯವರೂ 13 ಬಗೆಯ ಕೆಲಸ ಮಾಡುವವರನ್ನು ಹೋಲಿಸಿ, ಯಾರಿಗೆ ತಮ್ಮ ಕೆಲಸದಲ್ಲಿ ಎಷ್ಟು ತೃಪ್ತಿ ಇದೆ ಅಂತ ನೋಡಿದರು. ಸಿಂಫನಿ ಆರ್ಕೆಸ್ಟ್ರಾ ವಾದಕರು ಜೈಲು ಕಾವಲುಗಾರರಿಗಿಂತ ಒಂದು ಮೆಟ್ಟಿಲು ಕೆಳಗೆ ಇದ್ದರು. ಸ್ಟ್ರಿಂಗ್ ಕ್ವಾರ್ಟೆಟ್‌ನವರು ತುಂಬ ಮೇಲೆ. ಎರಡು ಕಡೆಯೂ ನುಡಿಸುವುದು ಅದೇ ಬೀಥೋವನ್. ಆದರೆ ಒಂದು ಕಡೆ ವಾದಕನನ್ನು ಯಾರೂ ಏನೂ ಕೇಳುವುದಿಲ್ಲ. ಆರ್ಫಿಯಸ್‌ನಲ್ಲಿ ನಾಯಕತ್ವ ಕಮ್ಮಿ ಇಲ್ಲ, ಬೇರೆ ಕಡೆಗಿಂತ ಜಾಸ್ತಿಯೇ ಇದೆ ಅನ್ನುವುದೂ ಹ್ಯಾಕ್‌ಮನ್ ಕಂಡುಕೊಂಡದ್ದೇ. ಅದು ಒಬ್ಬರ ಕೈಯಲ್ಲಿಲ್ಲ ಅಷ್ಟೇ.

ಸಿರಾ ಸಾಫ್ಟ್‌ವೇರ್
ಜೈಲು ಕಾವಲುಗಾರರಿಗಿಂತ ಕೆಳಗಾ! ಸಾಫ್ಟ್‌ವೇರ್‌ನವರು ಆ ಪಟ್ಟಿಯಲ್ಲಿ ಇರಲಿಲ್ಲ ಅಂತ ಕಾಣುತ್ತೆ.

ಗುಬ್ಬಿ ಪೆಟ್ಟಿಗೆ
ನಮ್ಮೂರಿನ ಮಾತು ಯಾರೂ ಎತ್ತಲಿಲ್ಲವಲ್ಲ. ಗುಬ್ಬಿ ಕಂಪನಿ ಕಟ್ಟಿದ್ದು 1884ರಲ್ಲಿ. ನಮ್ಮ ತಾತ ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು, ಗುಬ್ಬಿ ಕಂಪನಿಯಲ್ಲಲ್ಲ, ಸಣ್ಣ ಸಣ್ಣ ಮಂಡಳಿಗಳಲ್ಲಿ. ಕಾಲಲ್ಲಿ ತುಳಿಯುವ ಪೆಟ್ಟಿಗೆ. ರಂಗದ ಮುಂದೆ ತಗ್ಗಿನಲ್ಲಿ ಕೂರುವುದು, ಪಕ್ಕದಲ್ಲಿ ತಬಲ. ನಟ ಮಾತು ಮುಗಿಸಿ ಕಂದ ಎತ್ತಿಕೊಳ್ಳುವ ಮುಂಚೆಯೇ ಇವರು ಶ್ರುತಿ ಹಿಡಿದಿರಬೇಕು. ಜನ ಒನ್ಸ್ ಮೋರ್ ಅಂದರೆ ಮತ್ತೆ ಅದೇ ಸಾಲಿಗೆ ಬರಬೇಕು. ನಟ ಸಾಲು ಮರೆತರೆ ಸ್ವರ ಹಾಕಿ ಹೊತ್ತು ದೂಡಬೇಕು. ಅಲ್ಲಿ ಕೋಲು ಹಿಡಿದವರು ಯಾರು? ಪೆಟ್ಟಿಗೆ ಮಾಸ್ಟರು ನಟನನ್ನು ನೋಡುತ್ತಾರೆ, ತಬಲದವರು ಪೆಟ್ಟಿಗೆ ನೋಡುತ್ತಾರೆ, ನಟ ಜನರನ್ನು ನೋಡುತ್ತಾನೆ. ನಡೆಸುವವರು ಕ್ಷಣಕ್ಕೊಬ್ಬರು.

ಕೊರಟಗೆರೆ ಮೃದಂಗ
ಅದನ್ನೇ ನಾನೂ ಹೇಳಿದ್ದು. ನಮ್ಮಲ್ಲಿ ಇದು ಹೊಸದಲ್ಲ.

ಚೆಲ್ಲೋ ಹುಡುಗಿ
ಪೆಟ್ಟಿಗೆ ಮಾಸ್ಟರ ಉದಾಹರಣೆ ಸೊಗಸಾಗಿದೆ. ಆದರೆ ಕಚೇರಿಯದ್ದು ಒಪ್ಪಲಾರೆ ಸಾರ್. ಕಚೇರಿಯಲ್ಲಿ ಮುಖ್ಯ ಕಲಾವಿದರೇ ಎಲ್ಲ. ರಾಗ ಅವರದ್ದು, ಕಾಲಪ್ರಮಾಣ ಅವರದ್ದು, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದು) ಯಾವ ಸಾಲಿಗೆ ಅನ್ನುವುದೂ ಅವರದ್ದು. ಪಕ್ಕವಾದ್ಯದವರು ಹಿಂಬಾಲಿಸುತ್ತಾರೆ. ತನಿ ಆವರ್ತನ, ಅಂದರೆ ಮೃದಂಗದವರು ತಾವೇ ನುಡಿಸುವ ಭಾಗ, ಎಷ್ಟು ಹೊತ್ತು ಅನ್ನುವುದು ಯಾರ ಕೈಯಲ್ಲಿದೆ ಅಂತ ನಿಮಗೇ ಚೆನ್ನಾಗಿ ಗೊತ್ತಿರಬೇಕು.

ಕೊರಟಗೆರೆ ಮೃದಂಗ
ಆ ವಿಷಯ ಎತ್ತಬೇಡಿ. ಹಾಡುವವರು ವಾಚು ನೋಡಿಕೊಂಡರೆ ನಮ್ಮ ತನಿ ಅಲ್ಲಿಗೇ ಸತ್ತಿತು.

ಆದರೂ ಒಂದು ಪ್ರಶ್ನೆ. ನಾಲ್ಕು ಜನಕ್ಕೆ ಆಗುವುದು ಮೂವತ್ತು ಜನಕ್ಕೆ ಆಗುತ್ತದೆ, ಮೂವತ್ತಕ್ಕೆ ಆಗುವುದು ನೂರಕ್ಕೆ ಯಾಕೆ ಆಗುವುದಿಲ್ಲ?

ಕುಣಿಗಲ್ ರೋಡ್
ನಾನು ಫಿಸಿಕ್ಸ್ ಹೇಳಿಕೊಡುವವನು, ಈ ಪ್ರಶ್ನೆ ನನಗೆ ಬಿಡಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 10 ಮೀಟರ್ ದೂರದಲ್ಲಿ ಕೂತವನ ಶಬ್ದ ನಿಮಗೆ ತಲುಪಲು ಸುಮಾರು 29 ಮಿಲಿಸೆಕೆಂಡ್ ಬೇಕು. 20 ಮೀಟರ್ ಆದರೆ 58. ಕಮ್ಮಿ ಅಂತ ಅನ್ನಿಸಬಹುದು. ಆದರೆ ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಒಂದು ಎಣಿಕೆಗೆ 500 ಮಿಲಿಸೆಕೆಂಡ್. ಅದರಲ್ಲಿ ನಾಲ್ಕು ಸ್ವರ ಬಂದರೆ ಒಂದಕ್ಕೆ 125. ಅಲ್ಲಿಗೆ 58 ಅಂದರೆ ಹತ್ತಿರ ಹತ್ತಿರ ಅರ್ಧ ಸ್ವರ ಹಿಂದೆ. ದೊಡ್ಡ ವೇದಿಕೆಯಲ್ಲಿ ಕಿವಿಯನ್ನೇ ನಂಬಿಕೊಂಡು ನುಡಿಸಿದರೆ ಹಿಂದಿನವರು ಹಿಂದೆ ಹಿಂದೆಯೇ ಹೋಗುತ್ತಾರೆ. ಬೆಳಕಿಗೆ ಆ ತೊಂದರೆ ಇಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಒಂದು ಕೋಲು. ಸಣ್ಣ ತಂಡ ಒತ್ತಾಗಿ ಕೂತರೆ ಕಿವಿ ಸಾಕು.

ಚೆಲ್ಲೋ ಹುಡುಗಿ
ಸರಿಯಾಗಿ ಹೇಳಿದಿರಿ. ಅದಕ್ಕೇ ಇಂಥ ತಂಡಗಳ ಮುಖ್ಯ ಬಂಡವಾಳ ಹೈಡನ್, ಮೊಜಾರ್ಟ್, ಬಾಖ್. ಆ ಕಾಲದ ಸಂಗೀತ ಬರೆದದ್ದೇ ಇಷ್ಟು ಜನಕ್ಕೆ. ಸ್ಟ್ರಾವಿನ್ಸ್ಕಿಯ ದೊಡ್ಡ ಬ್ಯಾಲೆ ಸಂಗೀತದಲ್ಲಿ ಸಾಲು ಸಾಲಿಗೂ ಲೆಕ್ಕ ಬದಲಾಗುತ್ತದೆ, ವಾದಕರೂ ನೂರರ ಹತ್ತಿರ. ಅಲ್ಲಿ ಕೋಲು ಬೇಕೇ ಬೇಕು ಅಂತ ನನ್ನ ಅನಿಸಿಕೆ.

ಮಧುಗಿರಿ ಮೇಷ್ಟ್ರು
ಕೋಲು ಹಿಡಿದು ಎದುರಿಗೆ ನಿಲ್ಲುವ ಕೆಲಸವೇ ಈಚಿನದು. ಹತ್ತೊಂಬತ್ತನೇ ಶತಮಾನದಲ್ಲಿ ಬೆಳೆದದ್ದು. 1791ರಲ್ಲಿ ಹೈಡನ್ ಲಂಡನ್ನಿಗೆ ಹೋದಾಗ ಸಾಲೊಮನ್ ಪಿಟೀಲು ಹಿಡಿದು ನಡೆಸುತ್ತಿದ್ದ, ಹೈಡನ್ ಕೀಬೋರ್ಡ್ ಮುಂದೆ ಕೂತಿರುತ್ತಿದ್ದ. ಇನ್ನೂ ಹಿಂದೆ ಹೋದರೆ ಫ್ರಾನ್ಸಿನ ಲುಲ್ಲಿ. ಉದ್ದನೆಯ ದೊಣ್ಣೆ ನೆಲಕ್ಕೆ ಕುಟ್ಟಿ ಲಯ ಹಾಕುತ್ತಿದ್ದ. ಒಂದು ಸಲ ಕಾಲಿಗೇ ಕುಟ್ಟಿಕೊಂಡ, ಗಾಯ ಕೊಳೆತು 1687ರಲ್ಲಿ ಸತ್ತ.

ಪಾವಗಡ ಬಿಸಿಲು
ಶೆಟ್ಟಿಹಳ್ಳಿ ಅವರೇ, ಇದನ್ನು ಆ ಇಬ್ಬರು ಹಿರಿಯರಿಗೂ ಓದಿ ಹೇಳಿ. ಯಾರೂ ಎದುರಿಗೆ ಕೂರುವ ಧೈರ್ಯ ಮಾಡುವುದಿಲ್ಲ.

ಸಿದ್ಧಗಂಗೆ ಸಂಜೆ
ಓದಿದೆ. ಆ ಇಬ್ಬರು ಹಿರಿಯರಲ್ಲಿ ನಾನೂ ಒಬ್ಬ.

ತಿಪಟೂರು ಕೊಬ್ಬರಿ
ಅಯ್ಯೋ ಶಿವನೇ.

ಶೆಟ್ಟಿಹಳ್ಳಿ ಪಿಟೀಲು
ಸಾರ್, ನಮಸ್ಕಾರ. ನೀವು ಇಲ್ಲಿದ್ದೀರಿ ಅಂತ ಗೊತ್ತಿರಲಿಲ್ಲ.

ಸಿದ್ಧಗಂಗೆ ಸಂಜೆ
ಗೊತ್ತಿದ್ದರೆ ಬರೆಯುತ್ತಿರಲಿಲ್ಲ, ಅದು ನನಗೂ ಗೊತ್ತಮ್ಮ. ಇರಲಿ, ಬೇಜಾರಿಲ್ಲ. ಆದರೆ ಮುಖ ಊದಿಸಿಕೊಳ್ಳುತ್ತೇನೆ ಅಂದಿದ್ದು ಸರಿಯಲ್ಲ.

ನನ್ನ ಮಾತೂ ಕೇಳಿ. ಎದುರಿಗೆ ಕೂರುವುದು ನನಗೆ ಶೋಕಿ ಅಲ್ಲ. ವರ್ಣದ ಎರಡನೇ ಕಾಲ, ಅಂದರೆ ದುಪ್ಪಟ್ಟು ವೇಗ, ಬಂದ ಕೂಡಲೇ ಹುಡುಗರು ಓಡಲು ಶುರು ಮಾಡುತ್ತಾರೆ. ಚಿಟ್ಟೆ ಸ್ವರಕ್ಕೆ (ವರ್ಣದ ಕೊನೆ ಕಡೆಯ ಸ್ವರಭಾಗಕ್ಕೆ) ಬರುವ ಹೊತ್ತಿಗೆ ಪಿಟೀಲು ಒಂದು ಕಡೆ, ವೀಣೆ ಒಂದು ಕಡೆ. ಹಿಡಿದು ನಿಲ್ಲಿಸುವವರು ಒಬ್ಬರು ಬೇಡವಾ? ಆ ನ್ಯೂಯಾರ್ಕಿನವರು ದಿನವಿಡೀ ಅದೇ ಕಸುಬು ಮಾಡುವವರು. ನಮ್ಮಲ್ಲಿ ಐದೂವರೆಗೆ ಬನ್ನಿ ಅಂದರೆ ಆರೂವರೆಗೆ ಬರುತ್ತಾರೆ. ಅದರಲ್ಲಿ ಇಬ್ಬರಿಗೆ ಫೋನು ಬರುತ್ತದೆ. ಎಲ್ಲರಿಗೂ ಸಮಾನ ಹಕ್ಕು ಬೇಕು ಅನ್ನುವ ಹುಡುಗ ಸ್ವರ ಬರೆದ ಪುಸ್ತಕವನ್ನೇ ಮನೆಯಲ್ಲಿ ಬಿಟ್ಟು ಬರುತ್ತಾನೆ.

ಕುಣಿಗಲ್ ರೋಡ್
ಹಿರಿಯರ ಮಾತಿನಲ್ಲಿ ತೂಕ ಇದೆ.

ಸಿರಾ ಸಾಫ್ಟ್‌ವೇರ್
ನಾನೂ ಸಾರ್ ಪರ. ಜವಾಬ್ದಾರಿ ಒಬ್ಬರಿಗೆ ಇರಲಿ.

ಚೆಲ್ಲೋ ಹುಡುಗಿ
ಸಾರ್, ನೀವು ಹೇಳಿದ್ದು ಪೂರ್ತಿ ಸರಿ. ಕಂಡಕ್ಟರ್ ಇಲ್ಲದೆ ನುಡಿಸುವುದಕ್ಕೆ ಶಿಸ್ತು ಜಾಸ್ತಿ ಬೇಕು. ಸೋಮಾರಿತನಕ್ಕೆ ಜಾಗವೇ ಇಲ್ಲ. ಕೋಲು ಇದ್ದರೆ ಎಣಿಕೆ ತಪ್ಪಿದವನು ತಲೆ ಎತ್ತಿ ನೋಡಿ ಸೇರಿಕೊಳ್ಳಬಹುದು. ಇಲ್ಲದಿದ್ದರೆ ಅವನು ಬೇರೆಯವರ ಸಾಲು ಗೊತ್ತಿಟ್ಟುಕೊಂಡಿರಬೇಕು. ಆರ್ಫಿಯಸ್‌ನವರಿಗೂ ಒಂದು ಕಾರ್ಯಕ್ರಮಕ್ಕೆ ಬೇರೆ ಆರ್ಕೆಸ್ಟ್ರಾಗಳಿಗಿಂತ ಜಾಸ್ತಿ ಅಭ್ಯಾಸ ಬೇಕಾಗುತ್ತದೆ. ಅಭ್ಯಾಸ ಅಂದರೆ ಸಂಬಳ, ಸಂಬಳ ಅಂದರೆ ದುಡ್ಡು. ಎಲ್ಲರೂ ಯಾಕೆ ಹೀಗೆ ಮಾಡುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಆದರೆ ನೀವು ಹೇಳಿದ ಓಟದ ತೊಂದರೆ ಎದುರಿಗೆ ತಾಳ ಹಾಕಿದರೆ ಹೋಗುತ್ತದಾ? ಗುರುಗಳು ಇದ್ದಾಗ ಓಡುತ್ತಿರಲಿಲ್ಲವಾ?

ಸಿದ್ಧಗಂಗೆ ಸಂಜೆ
ಓಡುತ್ತಿದ್ದರು. ಗುರುಗಳು ಗದರುತ್ತಿದ್ದರು. ಮತ್ತೆ ಓಡುತ್ತಿದ್ದರು.

ಕೊರಟಗೆರೆ ಮೃದಂಗ
ಓಟ ನಿಲ್ಲಿಸುವುದು ಮೃದಂಗದ ಕೆಲಸ ಸ್ವಾಮಿ. ನಿಮ್ಮ ಮೃದಂಗದವರು ಎಲ್ಲಿ ಕೂರುತ್ತಾರೆ?

ಶೆಟ್ಟಿಹಳ್ಳಿ ಪಿಟೀಲು
ಒಂದು ಮೂಲೆಯಲ್ಲಿ, ಕೀಬೋರ್ಡ್ ಹಿಂದೆ. ವೇದಿಕೆಯ ಫೋಟೊ ಚೆನ್ನಾಗಿ ಬರಲಿ ಅಂತ ಪಿಟೀಲುಗಳನ್ನೆಲ್ಲ ಒಂದೇ ಸಾಲಿನಲ್ಲಿ ಮುಂದೆ ಕೂರಿಸುತ್ತೇವೆ.

ಕೊರಟಗೆರೆ ಮೃದಂಗ
ಸಿಕ್ಕಿತಲ್ಲ ರೋಗ! ಮೃದಂಗವನ್ನು ಮೂಲೆಗೆ ತಳ್ಳಿ, ಪಿಟೀಲು ಓಡುತ್ತದೆ ಅಂದರೆ ಏನು ಹೇಳುವುದು. ನಡುವೆ ಕೂರಿಸಿ. ಎಲ್ಲರಿಗೂ ಬಲಗೈ ಕಾಣಬೇಕು.

ಕುಣಿಗಲ್ ರೋಡ್
ಒಂದೇ ಸಾಲು ಅಂದರೆ ಈ ತುದಿಯಿಂದ ಆ ತುದಿಗೆ ಹತ್ತು ಮೀಟರ್ ಆಗಿಬಿಡುತ್ತದೆ. ಮೇಲೆ ಹೇಳಿದ ಲೆಕ್ಕ ನೋಡಿ. ಅರ್ಧಚಂದ್ರದ ಥರ ಒತ್ತಾಗಿ ಕೂತುಕೊಳ್ಳಿ. ಫೋಟೊದವರು ಏನಾದರೂ ಮಾಡಿಕೊಳ್ಳಲಿ.

ಚೆಲ್ಲೋ ಹುಡುಗಿ
ಇನ್ನೊಂದು ವಿಷಯ. ಆರ್ಫಿಯಸ್‌ನಲ್ಲಿ ಪಿಟೀಲಿನವರು ಕುರ್ಚಿಯಲ್ಲಿ ಕೂತು ಭುಜದ ಮೇಲೆ ಇಟ್ಟುಕೊಳ್ಳುತ್ತಾರೆ. ಶುರು ಮಾಡುವಾಗ ಪಿಟೀಲಿನ ತುದಿಯ ಸುರುಳಿ ಸ್ವಲ್ಪ ಮೇಲೆ ಏಳುತ್ತದೆ, ಉಸಿರು ಎಳೆದುಕೊಳ್ಳುತ್ತಾರೆ, ಬೋ ಎದ್ದು ಇಳಿಯುತ್ತದೆ. ಆ ಒಂದು ಚಲನೆಯಲ್ಲಿ ಯಾವಾಗ ಅನ್ನುವುದೂ ಇದೆ, ಎಷ್ಟು ವೇಗ ಅನ್ನುವುದೂ ಇದೆ. ನೀವು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ಸುರುಳಿಯನ್ನು ಪಾದದ ಮೇಲೆ ಊರಿಕೊಂಡು ನುಡಿಸುವವರು. ಅದು ಅಲುಗಾಡುವುದೇ ಇಲ್ಲ. ಹಾಗಾಗಿ ಅವರ ಸನ್ನೆ ನಿಮಗೆ ಹಾಗೇ ಬರುವುದಿಲ್ಲ. ಬೋ ಎತ್ತುವ ಕೈ ಮತ್ತು ತಲೆ, ಇವೆರಡೇ ನಿಮಗೆ ಸಿಗುವುದು. ಎತ್ತುಗಡೆ ಸಮದಲ್ಲಿ, ಅಂದರೆ ತಾಳದ ಮೊದಲ ಎಣಿಕೆಯಲ್ಲೇ, ಇದ್ದರೆ ಸುಲಭ. ಅರ್ಧ ಎಣಿಕೆ ಬಿಟ್ಟು ಶುರುವಾಗುವ ದೇವರನಾಮ ಆದರೆ ಯಾರ ಕೈ ನೋಡಬೇಕು ಅಂತ ಮೊದಲೇ ಮಾತಾಡಿಕೊಂಡಿರಬೇಕು.

ಮತ್ತೆ, ಅವರು ಬೋ ಮೇಲೋ ಕೆಳಗೋ ಅಂತ ಹೊಡೆದಾಡುವ ಜಾಗದಲ್ಲಿ ನಿಮಗೆ ಗಮಕ ಇದೆ. ಹತ್ತು ಪಿಟೀಲು ಒಂದೇ ಗಾಂಧಾರವನ್ನು ಹತ್ತು ಥರ ಅಲ್ಲಾಡಿಸಿದರೆ ಶ್ರುತಿ ಸರಿಯಿದ್ದರೂ ಕಿವಿಗೆ ಅಪಶ್ರುತಿ ಅನ್ನಿಸುತ್ತದೆ. ಇದನ್ನು ಮೂರು ನಾಲ್ಕು ಜನ ಮೊದಲೇ ಕೂತು ತೀರ್ಮಾನ ಮಾಡಿ, ಸ್ವರದ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ.

ಸಿದ್ಧಗಂಗೆ ಸಂಜೆ
ಇದು ನ್ಯಾಯವಾದ ಮಾತು. ಗಮಕದ ಗಲಾಟೆ ನಮ್ಮಲ್ಲಿ ಇದೆ. ಒಬ್ಬೊಬ್ಬರು ಒಂದೊಂದು ಪಾಠದಿಂದ ಬಂದವರು.

ತಿಪಟೂರು ಕೊಬ್ಬರಿ
ಒಂದು ಸಂಶಯ. ನಮ್ಮಲ್ಲಿ ವಾದ್ಯವೃಂದ ಅಂತ ಇತ್ತಲ್ಲ, ಆಕಾಶವಾಣಿಯದ್ದು. ಅದಕ್ಕೆ ಕಂಡಕ್ಟರ್ ಇದ್ದರಾ?

ಮಧುಗಿರಿ ಮೇಷ್ಟ್ರು
ಇದ್ದರು. 1952ರಲ್ಲಿ ದೆಹಲಿಯಲ್ಲಿ ಶುರುವಾದಾಗ ಪಂಡಿತ್ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ನಡೆಸುತ್ತಿದ್ದರು. ಹಿಂದೂಸ್ತಾನಿ ಕರ್ನಾಟಕ ಎರಡೂ ವಾದ್ಯಗಳು ಒಂದೇ ಕಡೆ.

ಹಾಗೆಯೇ ಇನ್ನೊಂದು. ಪಾಶ್ಚಾತ್ಯ ಆರ್ಕೆಸ್ಟ್ರಾ ಅಂದರೆ ನಮಗೆ ಸಂಬಂಧ ಇಲ್ಲದ್ದು ಅಂತ ತಿಳಿಯಬೇಡಿ. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯಾದ ಸಂಗೀತಗಾರ ಮೆಟ್ನರ್ ಕಷ್ಟದಲ್ಲಿದ್ದಾಗ ಅವನ ಸಂಗೀತ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರೂ ಇವರೇ.

ಗುಬ್ಬಿ ಪೆಟ್ಟಿಗೆ
ಒಡೆಯರ ಕತೆ ಶುರುವಾದರೆ ಮೇಷ್ಟ್ರು ನಿಲ್ಲಿಸುವುದಿಲ್ಲ. ಯಾರಾದರೂ ಕೋಲು ತೋರಿಸಿ.

ಪಾವಗಡ ಬಿಸಿಲು
ನಮ್ಮ ಪಕ್ಕದ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲೂ ಸಿಂಫನಿ ಆರ್ಕೆಸ್ಟ್ರಾ ಇದೆ. ಅವರಿಗೆ ಕಂಡಕ್ಟರ್ ಇದ್ದಾರೆ, ಕೋಲೂ ಇದೆ. ಹೋಗಿ ಒಂದು ಸಲ ನೋಡಿ ಬನ್ನಿ. ಹೋಗುವಾಗ ನಂದಿಯಲ್ಲಿ ಬೋಂಡಾ ತಿನ್ನಬಹುದು.

ತಿಪಟೂರು ಕೊಬ್ಬರಿ
ಬೋಂಡಾಗೆ ನಂದಿವರೆಗೂ ಯಾಕೆ? ತುಮಕೂರಿನಲ್ಲೇ ತಟ್ಟೆ ಇಡ್ಲಿ ಇಲ್ವಾ?

ವೇದಿಕೆ ನಿರ್ವಾಹಕ
ತಿಂಡಿಗೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿಗೆ ಹೋಗಿ.

ಶೆಟ್ಟಿಹಳ್ಳಿ ಪಿಟೀಲು
ಇಷ್ಟು ಓದಿದ ಮೇಲೆ ನನಗೆ ಹೀಗೆ ಅನ್ನಿಸುತ್ತಿದೆ. ನಾಲ್ಕು ಕೃತಿಗೆ ನಾಲ್ಕು ಸಣ್ಣ ಗುಂಪು ಮಾಡಿದರೆ ಹೇಗೆ? ಪ್ರತಿ ಗುಂಪಿನಲ್ಲೂ ಮೂವರು. ಆ ಕೃತಿಯ ಕಾಲಪ್ರಮಾಣ, ಗಮಕ, ಎತ್ತುಗಡೆಯ ಸನ್ನೆ ಎಲ್ಲ ಅವರದ್ದೇ. ಉಳಿದವರು ಅಭಿಪ್ರಾಯ ಹೇಳಬಹುದು, ಕೊನೆಯ ಮಾತು ಮೂವರದ್ದು. ಮುಂದಿನ ಕೃತಿಗೆ ಜಾಗ ಬದಲು. ವರ್ಣದ ಗುಂಪಿಗೆ ಸಾರ್ ಬರಲಿ, ದೇವರನಾಮಕ್ಕೆ ಇನ್ನೊಬ್ಬ ಹಿರಿಯರು.

ಸಿದ್ಧಗಂಗೆ ಸಂಜೆ
ವರ್ಣ ನನಗೆ ಇರಲಿ. ಆದರೆ ಆ ದೇವರನಾಮವನ್ನು ಅವರು ತೀರಾ ವಿಳಂಬಕ್ಕೆ ತರುತ್ತಾರೆ. ಜನ ನಿದ್ದೆ ಹೋಗುತ್ತಾರೆ. ಅದನ್ನು ಯಾರು ಹೇಳುವುದು?

ಚೆಲ್ಲೋ ಹುಡುಗಿ
ನೀವೇ ಕೈ ಎತ್ತಿ ಹೇಳಿ ಸಾರ್. ಅವರೂ ನಿಮ್ಮ ವರ್ಣದ ಬಗ್ಗೆ ಹೇಳುತ್ತಾರೆ.

ಸಿದ್ಧಗಂಗೆ ಸಂಜೆ
ಅವರು ಹೇಳುವುದು 32 ವರ್ಷದಿಂದ ಕೇಳುತ್ತಿದ್ದೇನೆ. ನಾವಿಬ್ಬರೂ ಒಂದೇ ಆಫೀಸಿನಲ್ಲಿ ಇದ್ದವರು.

ಕೊರಟಗೆರೆ ಮೃದಂಗ
ಓಹೋ, ಇದು ಸಂಗೀತದ ಜಗಳವೇ ಅಲ್ಲ ಹಾಗಾದರೆ!

ಸಿರಾ ಸಾಫ್ಟ್‌ವೇರ್
ಒಂದು ಮಾತು. ಮೂವರ ಗುಂಪು ಸರಿ. ಆದರೆ ತಾರೀಖು, ಸಮಯ, ಮೈಕು, ಜಮಖಾನ ಇವಕ್ಕೆಲ್ಲ ಒಬ್ಬರೇ ಇರಲಿ. ಅದನ್ನೂ ಎಲ್ಲರೂ ಸೇರಿ ಮಾಡೋಣ ಅಂದರೆ ಜಮಖಾನವೇ ಬರುವುದಿಲ್ಲ, ಅನುಭವದ ಮಾತು.

ಚೆಲ್ಲೋ ಹುಡುಗಿ
ಖಂಡಿತ. ಆರ್ಫಿಯಸ್‌ಗೂ ಆಡಳಿತಕ್ಕೆ ಬೇರೆ ಸಿಬ್ಬಂದಿ ಇದ್ದಾರೆ. ದುಡ್ಡು ಎತ್ತುವುದು, ಪ್ರವಾಸ, ಹಾಲ್ ಬುಕಿಂಗ್ ಎಲ್ಲ ಅವರದ್ದು.

ಶೆಟ್ಟಿಹಳ್ಳಿ ಪಿಟೀಲು
ನಾಡಗೀತೆಗೆ ಏನು ಮಾಡುವುದು? ಅದನ್ನು ಎರಡೂವರೆ ನಿಮಿಷದಲ್ಲಿ ಮುಗಿಸಬೇಕು ಅಂತ ಸರ್ಕಾರದ ಆದೇಶವೇ ಇದೆ. ಅಲ್ಲಿ ಕಾಲಪ್ರಮಾಣದ ಬಗ್ಗೆ ಚರ್ಚೆಗೆ ಜಾಗ ಇಲ್ಲ.

ಕುಣಿಗಲ್ ರೋಡ್
ಚರ್ಚೆ ಇಲ್ಲದ ಒಂದಾದರೂ ಇರಲಿ ಬಿಡಿ. ಅಭ್ಯಾಸದಲ್ಲಿ ಸ್ಟಾಪ್‌ವಾಚ್ ಇಟ್ಟುಕೊಳ್ಳಿ.

ಗುಬ್ಬಿ ಪೆಟ್ಟಿಗೆ
ಶುರು ಮಾಡಲು ಕೀಬೋರ್ಡಿನವರು ಒಂದು ಸಾಲು ಮುನ್ನುಡಿ ನುಡಿಸಲಿ. ಪೆಟ್ಟಿಗೆ ಮಾಸ್ಟರುಗಳು ಮಾಡುತ್ತಿದ್ದದ್ದೂ ಅದನ್ನೇ. ಆ ಸಾಲಿನಲ್ಲೇ ಶ್ರುತಿಯೂ ಸಿಕ್ಕಿತು, ವೇಗವೂ ಸಿಕ್ಕಿತು. ಯಾರೂ ಕೈ ಆಡಿಸುವುದು ಬೇಡ.

ತಿಪಟೂರು ಕೊಬ್ಬರಿ
ಕೀಬೋರ್ಡಿನವರಿಗೆ ಹೇಳಿ ಅಂತ ಮೊದಲೇ ಅಂದಿದ್ದೆ. ಯಾರು ಕೇಳುತ್ತಾರೆ ನನ್ನ ಮಾತು?

ಸಿದ್ಧಗಂಗೆ ಸಂಜೆ
ಚೆಲ್ಲೋ ಕಲಿಯುವ ಮಗು, ಆ ಆರ್ಕೆಸ್ಟ್ರಾ ನುಡಿಸಿದ್ದರಲ್ಲಿ ನಮ್ಮಂಥವರು ಮೊದಲು ಯಾವುದು ಕೇಳಬೇಕು? ಅರ್ಧ ಗಂಟೆ ಉದ್ದದ್ದು ಬೇಡ.

ಚೆಲ್ಲೋ ಹುಡುಗಿ
ರೊಸ್ಸಿನಿಯ ಓವರ್ಚರ್‌ಗಳು ಸಾರ್, ಅಂದರೆ ಸಂಗೀತ ನಾಟಕ ಶುರುವಾಗುವ ಮುಂಚೆ ನುಡಿಸುವ ಮುನ್ನುಡಿಗಳು. ಒಂದೊಂದೂ ಹತ್ತು ನಿಮಿಷದ ಒಳಗೆ ಮುಗಿಯುತ್ತವೆ. ಮೆಲ್ಲಗೆ ಶುರುವಾಗಿ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋಗುವುದು ಅವನ ವರಸೆ. ಏರುವಾಗ ವೇಗ ಮಾತ್ರ ಒಂಚೂರೂ ಕದಲುವುದಿಲ್ಲ. ಎದುರಿಗೆ ಯಾರೂ ಇಲ್ಲದೆ ಅಷ್ಟು ಜನ ಅದನ್ನು ಹೇಗೆ ಹಿಡಿದಿದ್ದಾರೆ ಕೇಳಿ. ನಿಮ್ಮ ವರ್ಣದ ಎರಡನೇ ಕಾಲಕ್ಕೆ ಬೇಕಾಗಿರುವುದೂ ಅದೇ. ಆಮೇಲೆ ಮೊಜಾರ್ಟ್‌ನ ಊದುವ ವಾದ್ಯಗಳ ಕನ್ಸರ್ಟೊಗಳು. ಅವುಗಳಲ್ಲಿ ಮುಂದೆ ನಿಂತು ನುಡಿಸುವವರೂ ಅದೇ ತಂಡದವರೇ.

ಸಿದ್ಧಗಂಗೆ ಸಂಜೆ
ಸರಿ, ಭಾನುವಾರ ಅಭ್ಯಾಸಕ್ಕೆ ಮುಂಚೆ ಎಲ್ಲರಿಗೂ ಕೇಳಿಸೋಣ. ಐದೂವರೆ ಅಂದರೆ ಐದೂವರೆ.

ಶೆಟ್ಟಿಹಳ್ಳಿ ಪಿಟೀಲು
ಆರು ಅಂತ ಇಟ್ಟುಕೊಳ್ಳೋಣ ಸಾರ್, ಬ್ಯಾಂಕಿನವರಿಗೆ ಆ ಹೊತ್ತಿಗೆ ಮುಂಚೆ ಆಗುವುದಿಲ್ಲ.

ಸಿದ್ಧಗಂಗೆ ಸಂಜೆ
ಭಾನುವಾರ ಯಾವ ಬ್ಯಾಂಕಮ್ಮ?